ಹರಿಗೋಲು ಕೊಳ್ಳುವ ಮುನ್ನ

ಪಾದರಕ್ಷೆ ಕೊಳ್ಳುವವನು ಅಂಗಡಿಯಲ್ಲಿ ಕಾಲನ್ನು ಮುಂದೆ ಚಾಚುತ್ತಾನೆ. ದರ್ಜಿಯ ಬಳಿಗೆ ಹೋದವನು ತೋಳೆತ್ತಿ ನಿಲ್ಲುತ್ತಾನೆ. ತನ್ನ ಮೈಯಳತೆಗೆ ಹೊಂದದ ವಸ್ತುವಿಗೆ ಹಣ ತೆರಬಾರದೆಂಬ ವಿವೇಕ ಸಾಮಾನ್ಯವಾಗಿ ಎಲ್ಲರಲ್ಲಿಯೂ ಉಂಟು. ಆದರೆ ನೀರಿನ ಮೇಲೆ ಪ್ರಾಣವನ್ನೇ ಹೊತ್ತು ಸಾಗಿಸಬೇಕಾದ ದೋಣಿಯ ಮಾತು ಬಂದಾಗ ಈ ವಿವೇಕ ಅದು ಹೇಗೋ ಮಾಯವಾಗಿ, "ದೊಡ್ಡದಿದ್ದಷ್ಟೂ ಕ್ಷೇಮ" ಎಂಬ ಒಂದೇ ಮಾತು ಅದರ ಸ್ಥಾನದಲ್ಲಿ ಬಂದು ಕುಳಿತುಕೊಳ್ಳುತ್ತದೆ. ಪಟ್ಟಣವಾಸಿಗಳಲ್ಲಿ ಈ ಭಾವನೆ ಬಲವಾಗಿ ಬೇರೂರಿದೆ. ನೀರನ್ನೇ ನಂಬಿ ಬಾಳುವವರಿಗೆ ಮಾತ್ರ ಇದರಲ್ಲಿ ನಂಬಿಕೆ ಕಡಿಮೆ.

ಈ ಮಾತಿನ ಸತ್ಯಾಸತ್ಯವನ್ನು ಪರೀಕ್ಷಿಸುವುದಕ್ಕೆ ಬೆಳಗಾವಿ ಜಿಲ್ಲೆಯ ಅರಭಾವಿಯ ಸುತ್ತಣ ಸೀಮೆಗಿಂತ ಅನುಕೂಲವಾದ ಸ್ಥಳ ಕನ್ನಡನಾಡಿನಲ್ಲಿ ವಿರಳವೆಂದೇ ಹೇಳಬೇಕು. ದುರದುಂಡೀಶ್ವರ ಮಠದಿಂದಲೂ ತೋಟಗಾರಿಕೆಯ ಮಹಾವಿದ್ಯಾಲಯದಿಂದಲೂ ಹೆಸರಾದ ಈ ಊರು ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಹಿಂದೆ ಗೋಕಾಕ ತಾಲೂಕಿನಲ್ಲಿತ್ತು. ಇಲ್ಲಿಂದ ಕೆಲವೇ ಮೈಲಿಗಳ ಅಂತರದಲ್ಲಿ ಹರಿಯುವ ಘಟಪ್ರಭೆ ಒಂದೇ ನದಿಯಾದರೂ ಒಂದೇ ಬಗೆಯ ನೀರಲ್ಲ. ಪಶ್ಚಿಮಘಟ್ಟದಿಂದ ಇಳಿದು ಬಂದ ಆ ನದಿಗೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಭಾರಿ ಅಣೆಕಟ್ಟು ಅಡ್ಡವಾಗಿದೆ. ಅಲ್ಲಿ ಅದು ಅಲೆಗಳೇಳುವ ಸಾಗರದಂತೆ ಹರಡಿಕೊಂಡಿದೆ. ಅಲ್ಲಿಂದ ಕೆಳಗೆ ಧೂಪದಾಳದಲ್ಲಿ 1897ರಷ್ಟು ಹಿಂದೆಯೇ ಕಟ್ಟಿದ ಒಡ್ಡಿನ ಬೆನ್ನಿಗೆ ಜೊಂಡು ಬೆಳೆದ ತೆಳುನೀರಾಗಿ ನಿಂತಿದೆ. ಗೋಕಾಕದ ಜಲಪಾತದಲ್ಲಿ ಸುಮಾರು 170 ಅಡಿ ಧುಮುಕಿ, ಬಳಿಕ ಬಯಲಿಗೆ ಬಂದು ಕಬ್ಬಿನ ಗದ್ದೆಗಳ ನಡುವೆ ಮೌನವಾಗಿ ಹರಿಯುತ್ತದೆ. ಇವುಗಳಲ್ಲಿ ಒಂದು ನೀರಿಗೆ ಒಪ್ಪುವ ದೋಣಿ ಇನ್ನೊಂದಕ್ಕೆ ಒಪ್ಪುವುದಿಲ್ಲ. ಜಲಪಾತದ ಮೇಲ್ಭಾಗದ ಬಂಡೆಗಳ ನಡುವಿನ ನೀರಿಗಂತೂ ಯಾವ ಅಳತೆಯ ದೋಣಿಯೂ ಒಪ್ಪುವುದಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈ ನೀರುಗಳ ಹಳೆಯ ವಾಹನ ಹರಿಗೋಲು. ತೆಪ್ಪ, ಪುಟ್ಟಿ ಎಂದು ಪ್ರಾಂತಕ್ಕೊಂದು ಹೆಸರಿದ್ದರೂ ರೂಪ ಒಂದೇ: ಸೀಳಿದ ಬಿದಿರಿನಿಂದ ಹೆಣೆದ ದುಂಡನೆಯ ಭಾರಿ ಬುಟ್ಟಿ, ಅದಕ್ಕೆ ಹೊರಗಿನಿಂದ ನೀರು ಹಿಡಿಯದ ಹೊದಿಕೆ. ಹೊದಿಕೆ ಹಿಂದೆ ಚರ್ಮದ್ದಾಗಿತ್ತು. ಆಮೇಲೆ ಡಾಂಬರು ಬಳಿದ ಬಟ್ಟೆ ಬಂದಿತು. ಪ್ಲಾಸ್ಟಿಕ್ ಚೀಲಗಳೂ ಬಂದುವು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಇವುಗಳನ್ನು ನೋಡಿ ಬೆರಗಾದನು. ಹದಿನೈದಿಪ್ಪತ್ತು ಜನರನ್ನು ಹೊರಬಲ್ಲವೆಂದೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸಬಲ್ಲವೆಂದೂ ಬರೆದಿಟ್ಟನು. ನೇರವಾಗಿ ಹೋಗದೆ ಸದಾ ಸುತ್ತುತ್ತಿರುತ್ತವೆಂಬ ಮಾತನ್ನೂ ಸೇರಿಸಿದನು. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಎಂದು ಜಗತ್ಪ್ರಸಿದ್ಧನಾದವನು, ಈ ಭಾಗದ ನದಿಗಳನ್ನು ಸೈನ್ಯ ದಾಟುವುದಕ್ಕೆ ಇಂತಹ ಚರ್ಮದ ಬುಟ್ಟಿದೋಣಿಗಳನ್ನೇ ನೆಚ್ಚಿಕೊಂಡನು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಕಾಯಕವೂ ನದಿ ದಾಟಿಸುವುದೇ ಆಗಿತ್ತೆಂಬುದನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ.

ಹರಿಗೋಲಿನ ಬಂಧುಗಳು ದೂರದೂರದ ದೇಶಗಳಲ್ಲಿಯೂ ಇದ್ದಾರೆ. ಟೈಗ್ರಿಸ್ ನದಿಯ ಮೇಲೆ 'ಕುಫ್ಫ'ವೆಂಬ ಗುಂಡುದೋಣಿ ಇತ್ತು. ಎರಡು ಸಾವಿರದ ನಾನೂರು ವರ್ಷಗಳಿಗೂ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬ್ಯಾಬಿಲೋನಿನ ಚರ್ಮದ ದೋಣಿಗಳ ಬಗೆಗೆ ಬರೆದ ಸಂಗತಿ ರಸವತ್ತಾಗಿದೆ. ಅಲ್ಲಿ ದೋಣಿಯ ಗಾತ್ರಕ್ಕೆ ತಕ್ಕಂತೆ ಕತ್ತೆಗಳನ್ನು ಒಯ್ಯುತ್ತಿದ್ದರಂತೆ: ಚಿಕ್ಕ ದೋಣಿಯಲ್ಲಿ ಒಂದು, ದೊಡ್ಡ ದೋಣಿಯಲ್ಲಿ ಹಲವು. ಸರಕನ್ನು ಮಾರಿದ ಮೇಲೆ ದೋಣಿಯ ಕಟ್ಟಿಗೆಯನ್ನೂ ಅಲ್ಲಿಯೇ ಮಾರಿ, ಸುತ್ತಿಟ್ಟ ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಿಂದ ಊರಿಗೆ ಮರಳುತ್ತಿದ್ದರಂತೆ. ಪ್ರವಾಹಕ್ಕೆದುರಾಗಿ ಗುಂಡುದೋಣಿಯನ್ನು ಹುಟ್ಟುಹಾಕುವುದು ಸಾಧ್ಯವಿಲ್ಲವಷ್ಟೆ! ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಒಬ್ಬನೇ ಕುಳಿತು ಮೀನು ಹಿಡಿಯುವ ಸಣ್ಣ 'ಕೊರಾಕಲ್' ಇದೆ. ಮದ್ರಾಸು ಪ್ರಾಂತದ ಮೀನುಗಾರಿಕೆಯ ಇಲಾಖೆಯ ಮುಖ್ಯಸ್ಥನಾಗಿದ್ದ ಜೇಮ್ಸ್ ಹಾರ್ನೆಲ್ಲನು ದಕ್ಷಿಣಭಾರತದ ಹರಿಗೋಲುಗಳನ್ನೂ ತನ್ನ ನಾಡಿನ ಕೊರಾಕಲ್ಲುಗಳನ್ನೂ ಒಟ್ಟಿಗೆ ಅಭ್ಯಸಿಸಿದ ವಿದ್ವಾಂಸ. ವೇಲ್ಸಿನವರಲ್ಲಿ ಒಂದು ಗಾದೆಯುಂಟು: ಒಬ್ಬ ಗಂಡಸಿನ ಹೊರೆ ಅವನ ದೋಣಿ. ಅರ್ಥ ಸ್ಪಷ್ಟವಾಗಿದೆ. ದೋಣಿ ನಿನ್ನನ್ನು ಹೊರುವುದು ಎಷ್ಟು ಮುಖ್ಯವೋ ನೀನು ದೋಣಿಯನ್ನು ಹೊರಬಲ್ಲೆಯಾ ಎಂಬುದೂ ಅಷ್ಟೇ ಮುಖ್ಯ.

ಹಿಡಕಲ್ಲಿನ ಜಲಾಶಯದ ದಡದಲ್ಲಿ ನಿಂತವರಿಗೆ ಈ ಗಾದೆಯ ಮರ್ಮ ಒಡನೆಯೇ ತಿಳಿಯುತ್ತದೆ. 1977ರಲ್ಲಿ ಪೂರ್ಣಗೊಂಡು ರಾಜಾ ಲಖಮಗೌಡರ ಹೆಸರು ಪಡೆದಿರುವ ಈ ಜಲಾಶಯ 51 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಊರಿನಂಚಿಗೆ ಬಂದಿರುತ್ತದೆ. ಕಾಲುವೆಗಳಿಗೆ ಹರಿದು ಹರಿದು ಬೇಸಿಗೆಯಲ್ಲಿ ಅದು ಹಿಂದಕ್ಕೆ ಸರಿದಾಗ, ಮುಳುಗಿದ್ದ ಹುನ್ನೂರಿನ ವಿಠ್ಠಲ ದೇವಾಲಯ ಮತ್ತೆ ಕಾಣಿಸಿಕೊಳ್ಳುತ್ತದೆ. ಜನ ನೋಡಲು ಹೋಗುತ್ತಾರೆ. ಅವರಿಗೆ ಅದು ಕೌತುಕ. ಮೀನುಗಾರನಿಗೋ ಅದೇ ಕಾಲದಲ್ಲಿ ಬಿರುಕುಬಿಟ್ಟ ಕೆಸರುನೆಲದ ಮೇಲೆ ದೋಣಿಯನ್ನು ಹೊತ್ತು ನಡೆಯಬೇಕಾದ ದೂರ ದಿನದಿನಕ್ಕೆ ಬೆಳೆಯುತ್ತದೆ. ಹರಿಗೋಲನ್ನು ಕವುಚಿ ತಲೆಯ ಮೇಲೆ ಹೊತ್ತು ನಡೆಯುವವನನ್ನು ದೂರದಿಂದ ಕಂಡರೆ ಕಾಲು ಬಂದ ಆಮೆಯೊಂದು ನಡೆದಂತೆ ತೋರುತ್ತದೆ. ಮಳೆ ಹನಿದರೆ ಅದೇ ಅವನಿಗೆ ಕೊಡೆ. ದಡದಲ್ಲಿ ರಾತ್ರಿ ಕಳೆಯಬೇಕಾದರೆ ಅದೇ ಸೂರು. ಆದರೆ ಇವೆಲ್ಲ ಒಬ್ಬನು ಎತ್ತಬಲ್ಲ ಅಳತೆಯ ಹರಿಗೋಲಿಗೆ ಸಲ್ಲುವ ಮಾತು.

ಲೆಕ್ಕದ ಮಾತು

ಎಂಟು ಅಡಿಯ ಹರಿಗೋಲು ಆರು ಅಡಿಯದಕ್ಕಿಂತ ಎಷ್ಟು ದೊಡ್ಡದು? ಎರಡು ಅಡಿ ಎಂದು ಉತ್ತರಿಸುವವರೇ ಹೆಚ್ಚು. ವೃತ್ತದ ಕ್ಷೇತ್ರಫಲ ಅಡ್ಡಳತೆಯ ವರ್ಗದಂತೆ ಬೆಳೆಯುತ್ತದೆಂಬುದನ್ನು ಶಾಲೆಯಲ್ಲಿ ಕಲಿತವರು ಮೂವತ್ತಾರಕ್ಕೂ ಅರವತ್ತನಾಲ್ಕಕ್ಕೂ ಇರುವ ಅಂತರವನ್ನು ನೆನೆದುಕೊಳ್ಳಬೇಕು. ಎಂಟು ಅಡಿಯದು ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಟ್ಟು ದೊಡ್ಡದು. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆಂಬುದು ಆರ್ಕಿಮಿಡೀಸನು ಕಂಡುಕೊಂಡ ನಿಯಮ. ತಳ ಚಪ್ಪಟೆಯಾಗಿದೆಯೆಂದು ಸದ್ಯಕ್ಕೆ ಭಾವಿಸಿದರೆ, ಆರು ಅಡಿಯ ಹರಿಗೋಲನ್ನು ಒಂದು ಸೆಂಟಿಮೀಟರ್ ಮುಳುಗಿಸುವುದಕ್ಕೆ ಸುಮಾರು 26 ಕಿಲೋ ಭಾರ ಬೇಕು. ಎಂಟು ಅಡಿಯದಕ್ಕೆ ಸುಮಾರು 47 ಕಿಲೋ.

ಈಗ ಒಂದು ಸಂಸಾರವನ್ನು ಹತ್ತಿಸೋಣ. ಗಂಡ 60 ಕಿಲೋ, ಹೆಂಡತಿ 50, ನೆನೆದ ಬಲೆ 20, ದೇವರು ಕೊಟ್ಟರೆ ಮೀನು 30, ಹರಿಗೋಲಿನ ಸ್ವಂತ ತೂಕ 40 ಎಂದು ಹಿಡಿದರೆ ಒಟ್ಟು 200 ಕಿಲೋ. ಆರು ಅಡಿಯ ಹರಿಗೋಲು ಈ ಭಾರಕ್ಕೆ ಎಂಟು ಸೆಂಟಿಮೀಟರಿಗೂ ತುಸು ಕಡಿಮೆ ಮುಳುಗುತ್ತದೆ. ಎಂಟು ಅಡಿಯದರ ಸ್ವಂತ ತೂಕ ಅದೇ ಪ್ರಮಾಣದಲ್ಲಿ ಏರಿ 70 ಕಿಲೋ ಆಗುವುದರಿಂದ ಒಟ್ಟು 230 ಕಿಲೋ. ಅದು ಮುಳುಗುವುದು ಐದು ಸೆಂಟಿಮೀಟರ್. ಇಷ್ಟೆಲ್ಲ ದೊಡ್ಡದನ್ನು ಕೊಂಡದ್ದರಿಂದ ಬಂದ ಲಾಭ ಮೂರೇ ಸೆಂಟಿಮೀಟರ್! ಅದಕ್ಕೆ ತೆತ್ತ ಬೆಲೆ ದಿನವೂ ತಲೆಯ ಮೇಲೆ ಹೊರಬೇಕಾದ ಮೂವತ್ತು ಕಿಲೋ ಹೆಚ್ಚಿನ ಭಾರ. ಹರಿಗೋಲಿನ ತಳ ವಾಸ್ತವವಾಗಿ ಬಾಣಲೆಯಂತೆ ಬಾಗಿರುವುದರಿಂದ ಎರಡೂ ಇದಕ್ಕಿಂತ ಹೆಚ್ಚು ಆಳಕ್ಕೆ ಇಳಿಯುತ್ತವೆ, ನಿಜ. ಆದರೂ ಹೋಲಿಕೆಯ ಸ್ವರೂಪ ಬದಲಾಗುವುದಿಲ್ಲ.

ಹಾಗಾದರೆ ದೊಡ್ಡದರಿಂದ ಪ್ರಯೋಜನವೇ ಇಲ್ಲವೇ? ಉಂಟು, ಅದು ಜನ ಹುಡುಕುವ ಕಡೆಯಲ್ಲಿಲ್ಲ, ಅಷ್ಟೆ. ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಮತ್ತೆ ನೆಟ್ಟಗಾಗಲು ಬೇಕಾದ ಶಕ್ತಿ ಅದರ ಅಗಲದಿಂದ ಬರುತ್ತದೆ. ಗುಂಡುದೋಣಿಯಲ್ಲಿ ಅದೇ ಭಾರಕ್ಕೆ ಈ ಶಕ್ತಿ ಅಡ್ಡಳತೆಯ ವರ್ಗದ ವರ್ಗದಂತೆ ಬೆಳೆಯುತ್ತದೆ. ಆರು ಅಡಿಯಿಂದ ಎಂಟು ಅಡಿಗೆ ಏರಿದರೆ ಅದು ಮೂರು ಪಟ್ಟಿಗೂ ಮಿಗಿಲಾಗುತ್ತದೆ. ಆದುದರಿಂದ ಎದ್ದು ನಿಂತು ಬೀಸುಬಲೆ ಎಸೆಯುವವನಿಗೆ ಅಗಲವಾದ ಹರಿಗೋಲು ಬೇಕೇ ಬೇಕು. ಗೋಡೆಯಂತೆ ನೀರಿನಲ್ಲಿ ಇಳಿಬಿಟ್ಟ ಬಲೆಯನ್ನು ಬೆಳಗಿನ ಜಾವ ಕುಳಿತೇ ಎಳೆದುಕೊಳ್ಳುವವನಿಗೆ ಅಷ್ಟು ಬೇಕಾಗುವುದಿಲ್ಲ. ಅವನು ಅಂಚಿಗೆ ಬಾಗಿ ಬಲೆ ಎತ್ತುತ್ತಿರುವಾಗ ಎದುರಂಚಿನಲ್ಲಿ ಕುಳಿತು ಹುಟ್ಟು ಹಿಡಿದಿರುವ ಹೆಂಡತಿಯೇ ದೋಣಿಯ ಸಮತೂಕ. ಅವಳು ಬರಿಯ ಜೊತೆಗಾರ್ತಿಯಲ್ಲ. ಎರಡು ಅಡಿ ಅಗಲಕ್ಕೆ ಸಮಾನಳು. ಕುಟುಂಬಗಳಲ್ಲಿ ಗೃಹಿಣಿಯ ಪಾತ್ರವನ್ನು ಕುರಿತು ಭಾಷಣ ಮಾಡುವವರು ಈ ದೃಶ್ಯವನ್ನೊಮ್ಮೆ ನೋಡಬೇಕು.

ಜಲಾಶಯದ ಗಾಳಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ನದಿಯಲ್ಲಿ ಗಾಳಿಗೆ ಓಡಲು ಬಯಲಿಲ್ಲ. ಹರವಾದ ನೀರಿನ ಮೇಲೆ ಅದು ಓಡಿದಷ್ಟೂ ಅಲೆ ಎತ್ತರವಾಗುತ್ತದೆ. ಹರಿಗೋಲಿಗೆ ತಳದಲ್ಲಿ ನೀರನ್ನು ಕಚ್ಚಿ ಹಿಡಿಯುವ ಏಣು ಇಲ್ಲ. ಇಲ್ಲದಿರುವುದೇ ಅದರ ಗುಣ. ಮುಳುಗಿದ ಗೋಡೆಗಳ ಮೇಲೆ, ಮರದ ಬೊಡ್ಡೆಗಳ ಮೇಲೆ, ಒಂದು ಗೇಣು ನೀರಿದ್ದರೂ ಜಾರಿ ಹೋಗುತ್ತದೆ. ಆದರೆ ಗಾಳಿ ಎದ್ದಾಗ ಅದೇ ದೋಷವಾಗಿ, ಹಗುರವಾದ ದೊಡ್ಡ ಬುಟ್ಟಿ ಎಲೆಯಂತೆ ಎಳೆದಾಡಲ್ಪಡುತ್ತದೆ. ನಾಲ್ವರು ಹುಟ್ಟುಹಾಕಲು ತಕ್ಕ ಹರಿಗೋಲಿನಲ್ಲಿ ಇಬ್ಬರೇ ಇದ್ದರೆ ದಡಕ್ಕೆ ತಲುಪುವುದು ಅವರ ಇಚ್ಛೆಯಂತಲ್ಲ, ಗಾಳಿಯ ಇಚ್ಛೆಯಂತೆ. ಬರಿದಾಗಿರುವ ದೊಡ್ಡ ದೋಣಿ ತುಂಬಿದ ಸಣ್ಣ ದೋಣಿಯಷ್ಟೇ ಅಪಾಯಕಾರಿ ಎಂಬುದನ್ನು ಪಟ್ಟಣದ ಬುದ್ಧಿ ಬೇಗನೆ ಒಪ್ಪುವುದಿಲ್ಲ.

ದೊಡ್ಡ ದೋಣಿಯ ಇನ್ನೊಂದು ಅಪಾಯ ಮನುಷ್ಯಸ್ವಭಾವಕ್ಕೆ ಸೇರಿದ್ದು. ಜಾಗವಿದೆಯೆಂದು ಕಂಡೊಡನೆ ಜನ ಹತ್ತುತ್ತಾರೆ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿ ಹದಿನಾರು ಜನ ಪ್ರಾಣ ನೀಗಿದರು. ಆ ದೋಣಿ ತನ್ನ ಶಕ್ತಿಗೆ ಮೀರಿ ಜನರನ್ನು ಹೊತ್ತಿತ್ತು. 2020ರ ಆಗಸ್ಟಿನಲ್ಲಿ ರಾಯಚೂರಿನ ಗಡಿಯಲ್ಲಿ ಕೃಷ್ಣೆಯನ್ನು ದಾಟುತ್ತಿದ್ದ ತೆಪ್ಪವೊಂದು ಮಗುಚಿತು. ಅದರಲ್ಲಿ ಹದಿಮೂರು ಜನ ಕುಳಿತಿದ್ದರು, ನಾಲ್ವರು ನೀರುಪಾಲಾದರು. ಮೀನುಗಾರಿಕೆಗೆಂದು ಕೊಂಡ ದೋಣಿ ಒಂದಲ್ಲ ಒಂದು ದಿನ ಜನರನ್ನು ದಾಟಿಸುವ ದೋಣಿಯಾಗಿಯೇ ಆಗುತ್ತದೆ. 2019ರ ಆಗಸ್ಟಿನ ಮಹಾಪೂರದಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿತು. ಪಟ್ಟಣದ ಬಳಿಯ ಲೋಳಸೂರ ಸೇತುವೆ ನೀರಿನಡಿಯಾಯಿತು. ಅಂತಹ ಹೊತ್ತಿನಲ್ಲಿ ದಡದ ಮೇಲೆ ಕೈಚಾಚಿ ನಿಂತವರಿಗೆ "ಇನ್ನು ಜಾಗವಿಲ್ಲ" ಎನ್ನುವುದು ಯಾರಿಗೂ ಸುಲಭವಲ್ಲ. ಸಣ್ಣ ದೋಣಿ ಆ ಮಾತನ್ನು ತಾನೇ ಹೇಳುತ್ತದೆ. ದೊಡ್ಡ ದೋಣಿಯಲ್ಲಿ ಅದನ್ನು ಮನುಷ್ಯನೇ ಹೇಳಬೇಕು, ಹೇಳುವ ಎದೆಗಾರಿಕೆ ಇರಬೇಕು.

ಮೂರು ಮಾರು ಉದ್ದ

ಗುಂಡುದೋಣಿಗೆ ನೇರ ವಿರುದ್ಧವಾದ ದೋಣಿಯೊಂದು ಉತ್ತರಧ್ರುವದ ಹಿಮಪ್ರದೇಶದಲ್ಲಿ ಹುಟ್ಟಿತು. ಇನ್ಯುಯಿಟ್ ಜನರ ಕಯಾಕ್ ಅದು. ನೀರ್ನಾಯಿಯನ್ನು ಹೋಲುವ ಸೀಲ್ ಎಂಬ ಕಡಲಪ್ರಾಣಿಯ ಚರ್ಮವನ್ನು ತೆಳುವಾದ ಹಂದರದ ಮೇಲೆ ಬಿಗಿದು, ಮೇಲ್ಭಾಗವನ್ನೂ ಮುಚ್ಚಿ, ಒಬ್ಬನ ಸೊಂಟ ತೂರುವಷ್ಟು ಮಾತ್ರ ಬಾಯಿ ಬಿಟ್ಟಿರುತ್ತಾರೆ. ಹರಿಗೋಲು ಬುಟ್ಟಿಯಾದರೆ ಇದು ಈಟಿ. ಅದು ಸುತ್ತುತ್ತದೆ, ಇದು ಸೀಳಿಕೊಂಡು ಹೋಗುತ್ತದೆ. ಕುತೂಹಲದ ಸಂಗತಿಯೆಂದರೆ ಅದರ ಅಳತೆಯ ಕ್ರಮ. ಕಟ್ಟುವವನು ಅಳತೆಗೋಲನ್ನು ಹಿಡಿಯುತ್ತಿರಲಿಲ್ಲ. ಸವಾರನ ಮೈಯೇ ಅವನಿಗೆ ಅಳತೆಗೋಲು. ಸಂಪ್ರದಾಯದ ಲೆಕ್ಕದಲ್ಲಿ ದೋಣಿಯ ಉದ್ದ ಸವಾರನು ಎರಡೂ ತೋಳು ಚಾಚಿದ ಅಳತೆಯ ಮೂರರಷ್ಟು. ಕುಳಿತುಕೊಳ್ಳುವ ಕಡೆ ಅಗಲ ಅವನ ಸೊಂಟದ ಅಗಲಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು. ಆಳ ಹೆಬ್ಬೆರಳು ಚಾಚಿದ ಒಂದು ಮುಷ್ಟಿ. ಕನ್ನಡದವರಿಗೆ ಇದು ಪರದೇಶದ ಮಾತೆನಿಸಲಾರದು. ಚಾಚಿದ ತೋಳಿಗೆ ಮಾರು, ಮೊಣಕೈಗೆ ಮೊಳ, ಅರಳಿಸಿದ ಅಂಗೈಗೆ ಗೇಣು ಎಂದು ಹೆಸರಿಟ್ಟ ಜನರ ಭಾಷೆಯಲ್ಲಿ ಹೇಳುವುದಾದರೆ ಕಯಾಕು ಮೂರು ಮಾರು ಉದ್ದದ ದೋಣಿ. ಐದೂವರೆ ಅಡಿ ಎತ್ತರದವನಿಗೆ ಅದು ಸುಮಾರು ಹದಿನಾರೂವರೆ ಅಡಿಯಾಗುತ್ತದೆ. ತಮ್ಮನಿಗೆ ಹೊಂದಿದ್ದು ಅಣ್ಣನಿಗೆ ಹೊಂದುವುದಿಲ್ಲ.

ಈ ಉದ್ದಕ್ಕೆ ಕಾರಣವಿಲ್ಲದಿಲ್ಲ. ನೀರನ್ನು ತಳ್ಳಿಕೊಂಡು ಸಾಗುವ ದೋಣಿ ತಾನೇ ಒಂದು ಅಲೆಯನ್ನು ಎಬ್ಬಿಸುತ್ತದೆ. ಆ ಅಲೆಯನ್ನು ಮೀರಿ ಓಡುವುದು ಕಷ್ಟ. ನೀರಿಗೆ ತಾಗಿರುವ ಉದ್ದದ ವರ್ಗಮೂಲ ಹೆಚ್ಚಿದಂತೆ ಅದರ ವೇಗದ ಮಿತಿಯೂ ಹೆಚ್ಚುತ್ತದೆಂಬುದು ದೋಣಿಶಾಸ್ತ್ರದ ಹಳೆಯ ಸೂತ್ರ. ಒಂಬತ್ತು ಅಡಿಯ ದೋಣಿಗೆ ಗಂಟೆಗೆ ಸುಮಾರು ಏಳೂವರೆ ಕಿಲೋಮೀಟರಾದರೆ ಹದಿನಾರು ಅಡಿಯದಕ್ಕೆ ಸುಮಾರು ಹತ್ತು. ಇದು ಮೇಲಿನ ಮಿತಿ. ಕೈಯ ಬಲದಿಂದ ಹುಟ್ಟುಹಾಕುವವನು ದಿನವಿಡೀ ಸಾಗುವ ವೇಗ ಇದಕ್ಕಿಂತ ಬಹಳ ಕಡಿಮೆ. ಹರಿಗೋಲಿಗೆ ಈ ಸ್ಪರ್ಧೆಯಲ್ಲಿ ಹೆಸರು ಕೊಡುವ ಆಸೆಯೇ ಇಲ್ಲ.

ಈಚೆಗೆ ಈ ಕಯಾಕು ರೂಪಾಂತರ ಹೊಂದಿ ನಮ್ಮ ನೀರುಗಳಿಗೂ ಬಂದಿದೆ. ಕಾಳಿನದಿಯ ದಾಂಡೇಲಿಯಲ್ಲಿ ಪ್ರವಾಸಿಗಳು ಅದನ್ನು ಏರಿ ವಿಹರಿಸುತ್ತಾರೆ. ಗಾಳ ಹಾಕುವ ಹವ್ಯಾಸಿಗಳಿಗೆಂದೇ ಪ್ಲಾಸ್ಟಿಕ್ಕಿನಲ್ಲಿ ಎರಕಹೊಯ್ದ, ಮೇಲೆಯೇ ಕುಳಿತುಕೊಳ್ಳುವ, ಅಗಲವಾದ ಕಯಾಕುಗಳು ಮಾರಾಟಕ್ಕಿವೆ. ಹತ್ತರಿಂದ ಹದಿನಾಲ್ಕು ಅಡಿ ಉದ್ದ, ಎರಡೂವರೆಯಿಂದ ಮೂರು ಅಡಿ ಅಗಲ ಇವುಗಳ ಸಾಮಾನ್ಯ ಅಳತೆ. ಹಣವುಳ್ಳ ಪಟ್ಟಣಿಗರಲ್ಲಿ ಇದರ ಮೋಹ ಹೆಚ್ಚುತ್ತಿರುವುದರಿಂದ ಎರಡು ಮಾತು ಹೇಳುವುದು ಅಪ್ರಸ್ತುತವಾಗದು. ಧೂಪದಾಳದ ಹಿನ್ನೀರಿನಂತಹ ಜೊಂಡಿನ ನೀರಿಗೆ, ಊರಕೆರೆಗೆ, ಹತ್ತು ಅಡಿಯದು ಸಾಕು; ಅದು ಬೇಗ ತಿರುಗುತ್ತದೆ. (ಧೂಪದಾಳದ ಆ ನೀರು 1974ರಿಂದ ಘಟಪ್ರಭಾ ಪಕ್ಷಿಧಾಮಕ್ಕೆ ಸೇರಿದೆ. ಚಳಿಗಾಲದಲ್ಲಿ ಕೊಕ್ಕರೆ ಕ್ರೌಂಚಗಳು ದೇಶಾಂತರದಿಂದ ಬಂದಿಳಿಯುವ ಅಲ್ಲಿ ಗಾಳದವನ ಹಕ್ಕಿಗಿಂತ ಹಕ್ಕಿಯ ಹಕ್ಕು ದೊಡ್ಡದು.) ಹಿಡಕಲ್ಲಿನಂತಹ ಹರವಾದ ನೀರಿನಲ್ಲಿ ಹನ್ನೆರಡು ಅಡಿಗೆ ಮೇಲ್ಪಟ್ಟದ್ದು ಅಲೆಯನ್ನು ಸೀಳಿ ನೇರವಾಗಿ ಹೋಗುತ್ತದೆ, ಹತ್ತಡಿಯದು ಮೂಗನ್ನು ಅತ್ತಿತ್ತ ತಿರುಗಿಸುತ್ತಾ ತೋಳನ್ನು ಸೋಲಿಸುತ್ತದೆ. ಅಗಲವಾದದ್ದು ಮೊದಲು ಹತ್ತಿದಾಗ ಧೈರ್ಯ ಕೊಡುತ್ತದೆ, ಆದರೆ ಅದು ನಿಧಾನ. ಕುಳ್ಳಗಿನವರು ತೀರ ಅಗಲವಾದದ್ದನ್ನು ಕೊಂಡರೆ ಹುಟ್ಟು ನೀರಿಗೆ ತಾಗುವ ಮೊದಲು ದೋಣಿಯ ಅಂಚಿಗೇ ತಾಗುತ್ತದೆ.

ತಯಾರಕರು ಬರೆದಿಡುವ "ಇಷ್ಟು ಕಿಲೋ ಹೊರುತ್ತದೆ" ಎಂಬ ಅಂಕಿಯನ್ನು ಪೂರ್ತಿ ನಂಬುವುದು ಜಾಣತನವಲ್ಲ. ಅನುಭವಿಗಳು ಅದರ ನೂರಕ್ಕೆ ಎಪ್ಪತ್ತರಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 150 ಕಿಲೋ ಎಂದಿದ್ದರೆ 105. ತೊಂಬತ್ತು ಕಿಲೋ ತೂಗುವ ಗೃಹಸ್ಥನು ಗಾಳ, ನೀರಿನ ಬಾಟಲಿ, ಬುತ್ತಿಗಂಟುಗಳನ್ನು ಸೇರಿಸಿ ಕುಳಿತರೆ ಮೀನಿಗೆ ಉಳಿಯುವ ಪಾಲು ಎಷ್ಟೆಂಬುದನ್ನು ಅವನೇ ಯೋಚಿಸಬೇಕು. ಬಹುಶಃ ಅವನ ಗಾಳಕ್ಕೆ ಮೀನು ಬೀಳದಿರುವುದೇ ದೋಣಿಗೆ ಕ್ಷೇಮ.

ಅಚ್ಚು ಬಂದ ಮೇಲೆ

ಬಿದಿರಿನ ಹರಿಗೋಲನ್ನು ಹೆಣೆಯುವವನ ಬಳಿಗೆ ಹೋದವನು ಬೆಲೆ ಕೇಳುವ ಮೊದಲೇ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತಿತ್ತು. "ಎಷ್ಟ್ ಮಂದಿ ಕೂಡ್ರಾವ್ರದೀರಿ? ಯಾವ ನೀರಾಗ ಬಿಡ್ತೀರಿ? ಹೊತ್ಗೊಂಡ್ ಹೋಗಾವ್ರ್ ಯಾರು?" ಈ ಮೂರಕ್ಕೆ ಉತ್ತರ ದೊರೆತ ಮೇಲೆ ಅವನು ಕೊಳ್ಳುವವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ನೆಲದ ಮೇಲೆ ಬಿದಿರುಸೀಳುಗಳನ್ನು ಹರಡಬೇಕು. ಅಳತೆ ಸವಾರನಿಗೂ ನೀರಿಗೂ ಹೆಣೆಯುವವನಿಗೂ ನಡುವೆ ನಡೆದ ಮಾತುಕತೆಯ ಫಲ.

ಈಗ ಫೈಬರ್‌ಗ್ಲಾಸಿನ ಹರಿಗೋಲು ಬಂದಿದೆ. ಕರ್ನಾಟಕದ ಮೀನುಗಾರಿಕೆ ಇಲಾಖೆಯೂ ಒಳನಾಡಿನ ಮೀನುಗಾರರಿಗೆ ಅದನ್ನು ಒದಗಿಸುತ್ತ ಬಂದಿದೆ. ಅದರ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ಅದು ಕೊಳೆಯದು, ಗೆದ್ದಲು ಹಿಡಿಯದು. ವರ್ಷವರ್ಷವೂ ಡಾಂಬರು ಕಾಯಿಸಿ ಬಳಿಯುವ ಪೀಡೆಯಿಲ್ಲ. ಹಳೆಯದೆಲ್ಲ ಚಿನ್ನವೆಂದು ಹಂಬಲಿಸುವವರು ಸೋರುವ ಹರಿಗೋಲಿನಿಂದ ಚಿಪ್ಪಿನಲ್ಲಿ ನೀರು ಮೊಗೆದು ಚೆಲ್ಲುವ ಕೆಲಸವನ್ನು ಒಂದು ರಾತ್ರಿ ಮಾಡಿ ನೋಡಲಿ. ಆದರೆ ಅಚ್ಚಿನಿಂದ ತೆಗೆದದ್ದಕ್ಕೆ ಅಚ್ಚಿನದೇ ಅಳತೆ. ನದಿಯವನಿಗೂ ಜಲಾಶಯದವನಿಗೂ, ಒಂಟಿಯಾಗಿ ಬಲೆ ಬಿಡುವ ಮುದುಕನಿಗೂ ಗಟ್ಟಿಮುಟ್ಟಾದ ಅಣ್ಣತಮ್ಮಂದಿರಿಗೂ ಅದು ಒಂದೇ. ಹೆಣೆಯುವವನು ಕೇಳುತ್ತಿದ್ದ ಮೂರು ಪ್ರಶ್ನೆಗಳನ್ನು ಅಚ್ಚು ಕೇಳುವುದಿಲ್ಲ. ಅವನ್ನು ಕೊಳ್ಳುವವನು ತನಗೆ ತಾನೇ ಕೇಳಿಕೊಳ್ಳಬೇಕಾಗಿದೆ. ಒದಗಿಸುವವರು ಕೊಡುವ ಮೊದಲು ಕೇಳಿದರೆ ಇನ್ನೂ ಒಳ್ಳೆಯದು.

ಮೂರರಲ್ಲಿ ಹೊರುವ ಪ್ರಶ್ನೆಯನ್ನೇ ಜನ ಮರೆಯುವುದು. ಹೊರಲಾರದ ದೋಣಿಯನ್ನು ನೀರಿನಂಚಿನಲ್ಲಿಯೇ ಬಿಟ್ಟು ಬರುತ್ತಾರೆ. ರಾತ್ರಿ ಗಾಳಿ ಬೀಸಿದರೆ ಅದು ಆಚೆಯ ದಡ ಸೇರುತ್ತದೆ, ಜಲಾಶಯದ ನೀರಿಳಿದರೆ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಎಳೆದೊಯ್ಯೋಣವೆಂದರೆ ಕಲ್ಲುನೆಲ ತಳವನ್ನು ಕೆರೆದು ತೆಳುಮಾಡುತ್ತದೆ. ಹೀಗೆ ವರ್ಷಗಟ್ಟಲೆ ಬಾಳಬೇಕಾದದ್ದು ಬೇಗನೆ ಮುಗಿಯುತ್ತದೆ. ಸಾಲ ಮಾಡಿ ಕೊಂಡವನಿಗೆ ಇದು ಸಣ್ಣ ಮಾತಲ್ಲ.

ಯಾವ ದೋಣಿಯನ್ನೇ ಆಗಲಿ ಹಣ ಎಣಿಸುವ ಮೊದಲು ದಡದಲ್ಲಿ ಪರೀಕ್ಷಿಸುವ ಕ್ರಮ ಸರಳವಾಗಿದೆ. ಅರ್ಧ ತಾಸಿನ ಕೆಲಸ. ತೊಡೆಯುದ್ದದ ನಿಂತ ನೀರಿನಲ್ಲಿ ದೋಣಿಯನ್ನು ಇಳಿಸಿ, ಅದರಲ್ಲಿ ಕೂರಬೇಕಾದವರ ತೂಕ, ಬಲೆ, ನಿರೀಕ್ಷಿಸುವ ಮೀನು ಇವುಗಳಿಗೆ ಸಮನಾಗಿ ಮರಳಿನ ಚೀಲಗಳನ್ನು ತುಂಬಬೇಕು. ನೀರು ಹೊರಮೈಗೆ ಎಲ್ಲಿಯವರೆಗೆ ಬಂದಿತೆಂಬುದನ್ನು ಸುಣ್ಣದಿಂದ ಗುರುತು ಮಾಡಿ, ಆ ಗೆರೆಯಿಂದ ಅಂಚಿನವರೆಗೆ ಒಂದು ಗೇಣಿಗಿಂತ ಕಡಿಮೆ ಉಳಿದರೆ ಆ ದೋಣಿ ಆ ಸಂಸಾರದ್ದಲ್ಲ. ಗೇಣು ಉಳಿದರೆ ಚೀಲಗಳನ್ನು ಇಳಿಸಿ ಜನರೇ ಹತ್ತಿ, ಒಬ್ಬರು ಬಲೆ ಎಳೆಯುವಂತೆ ಅಂಚಿಗೆ ಬಾಗಬೇಕು. ಆಗಲೂ ಅಂಚು ನೀರಿನಿಂದ ನಾಲ್ಕು ಬೆರಳು ಮೇಲೆ ನಿಂತರೆ ಸರಿ. ಈ ಪರೀಕ್ಷೆಯ ಹೊತ್ತಿಗೆ ಹತ್ತಿದವರೆಲ್ಲ ತೇಲಂಗಿ ತೊಟ್ಟಿರಬೇಕು. ಅದಕ್ಕೂ ಅಳತೆಯುಂಟು: ತೊಟ್ಟವನ ಎರಡು ಭುಜಗಳ ಮೇಲೆ ಅಂಗಿಯನ್ನು ಹಿಡಿದು ಮೇಲಕ್ಕೆ ಎಳೆದಾಗ ಅದು ಗದ್ದ ದಾಟಿ ಕಿವಿಗೆ ಬಂದರೆ ಸಡಿಲವೆಂದು ತಿಳಿಯಬೇಕು. ಕಡೆಯದಾಗಿ, ನೆನೆದ ದೋಣಿಯನ್ನು ಕೊಳ್ಳುವವನೇ ಹೊತ್ತು, ಬೇಸಿಗೆಯಲ್ಲಿ ನೀರು ಸರಿಯುವಷ್ಟು ದೂರವನ್ನು ಒಂದು ಸಲ ನಡೆದು ಬರಬೇಕು. ಅಂಗಡಿಯವನು ನಕ್ಕರೆ ನಗಲಿ.